ರಾಯಬಾಗ ಕಡೆಯ ಶೇವಂತಾಬಾಯಿ

ನಮ್ಮ ದಾಜಿಯ ಧ್ವನಿ ಕೇಳದ ಮನುಷ್ಯ ಅಥಣಿ ತಾಲೂಕಿನಲ್ಲಿ ಇದ್ದರೆ ಅವನಿಗೆ ಕಿವಿ ಕೇಳುವುದಿಲ್ಲ ಅಂತಲೇ ಅರ್ಥ. ದಾಜಿ ಅಂದರೆ ನನ್ನ ಅಕ್ಕ ಸಾವಿತ್ರೆವ್ವನ ಗಂಡ, ಐಗಳಿಯ ಮಲಕಾರಿ. ಆಟೋದ ಮೇಲೆ ಹಾರ್ನು ಕಟ್ಟಿಕೊಂಡು ಊರೂರು ತಿರುಗಿ ಜಾಹೀರಾತು ಹೇಳುವುದು ಅವರ ಕೆಲಸ. ಬರೆಯುವವರೂ ಅವರೇ, ಹೇಳುವವರೂ ಅವರೇ. ಸೀರೆ ಸೇಲು, ದನದ ಹಿಂಡಿ, ಕಣ್ಣಿನ ಕ್ಯಾಂಪು, ಪಂಚಾಯಿತಿ ಚುನಾವಣೆ, ಏನಿದ್ದರೂ ಮಲಕಾರಿಯೇ ಬೇಕು. ಒಂದು ಸಲ ಒಂದೇ ವಾರ್ಡಿನ ಇಬ್ಬರು ಎದುರಾಳಿಗಳಿಗೂ ಇವರೇ ಪ್ರಚಾರ ಮಾಡಿದ್ದರು. ಮುಂಜಾನೆ ಒಬ್ಬನನ್ನು ಬಡವರ ಬಂಧು ಅಂದರು, ಮಧ್ಯಾಹ್ನ ಇನ್ನೊಬ್ಬನನ್ನು ಬಡವರ ಬೆಳಕು ಅಂದರು. "ನಾಚಿಕಿ ಬರೂದಿಲ್ಲೇನ್ರಿ ದಾಜಿ?" ಅಂತ ಕೇಳಿದರೆ, "ಬಂಧು ಬ್ಯಾರೆ, ಬೆಳಕು ಬ್ಯಾರೆ ಬಾಯಾರ" ಅಂತ ನಕ್ಕರು.

ಆ ಬಾಯಾರು ನಾನೇ, ಸುಜಾತಾ. ಅಥಣಿಯ ಒಂದು ಹೈಸ್ಕೂಲಿನಲ್ಲಿ ಕನ್ನಡ ಕಲಿಸುತ್ತೇನೆ. ಪ್ರತಿವರ್ಷ ಹತ್ತನೇ ತರಗತಿಗೆ ಉಪಮೆ, ರೂಪಕ, ಉತ್ಪ್ರೇಕ್ಷೆ ಅಂತ ಬಾಯಿಪಾಠ ಮಾಡಿಸಿ, 'ಅಲಂಕಾರವನ್ನು ಹೆಸರಿಸಿ ಸಮನ್ವಯಗೊಳಿಸಿ' ಅಂತ ಪ್ರಶ್ನೆ ಕೊಟ್ಟು, ಉತ್ತರ ತಿದ್ದಿ ತಿದ್ದಿ ತಲೆ ಕೆಡಿಸಿಕೊಳ್ಳುವವಳು. ಮಾತು ಮನುಷ್ಯನನ್ನು ಎಲ್ಲಿಗೆ ಬೇಕಾದರೂ ಎಳೆದುಕೊಂಡು ಹೋಗುತ್ತದೆ ಅನ್ನುವುದನ್ನು ಮಾತ್ರ ಯಾವ ಪಾಠದಲ್ಲೂ ಬರೆದಿಲ್ಲ. ಅದನ್ನು ನಾನು ನಮ್ಮ ಮನೆಯಲ್ಲೇ ನೋಡಿದೆ. ನೋಡಬಾರದಿತ್ತು.

ದಾಜಿಯ ಅಪ್ಪ ಕುರಿ ಕಾಯುತ್ತಿದ್ದರು. ದಾಜಿ ಕುರಿಯ ಹಿಂದೆ ಹೋದದ್ದಕ್ಕಿಂತ ಡೊಳ್ಳಿನ ಪದದ ಮ್ಯಾಳದ ಹಿಂದೆ ಹೋದದ್ದೇ ಹೆಚ್ಚು. ಅಲ್ಲಿ ಎರಡು ಮ್ಯಾಳಗಳು ಎದುರುಬದುರು ಕುಳಿತು ಸವಾಲು ಜವಾಬು ನಡೆಸುತ್ತವೆ. ಅವರು ಹಾಡಿನಲ್ಲೇ ಪ್ರಶ್ನೆ ಎಸೆಯುತ್ತಾರೆ, ಇವರು ಹಾಡಿನಲ್ಲೇ ಉತ್ತರ ಕೊಡಬೇಕು. ಉತ್ತರ ಸರಿಯಾಗಿಯೇ ಇರಬೇಕೆಂದೇನಿಲ್ಲ, ಕೂತ ಮಂದಿ "ಹೌದಪ್ಪಾ ಹೌದು!" ಅನ್ನಬೇಕು, ಅಷ್ಟೇ. ಈ ಗುಟ್ಟು ದಾಜಿಗೆ ಮೀಸೆ ಮೂಡುವ ಮೊದಲೇ ಸಿಕ್ಕಿತ್ತು. ಅಕ್ಕ ಅವರನ್ನು ಒಪ್ಪಿದ್ದೂ ಆ ಬಾಯಿಗೇ. ಕಪ್ಪಗೆ ಕಡ್ಡಿಯಂತಿದ್ದ ಗಂಡನ್ನು ನೋಡಿ ನಮ್ಮವ್ವ ಮೂಗು ಮುರಿದಳು. "ಇರ್ಲಿ ಬಿಡಬೇ, ಮಾತಾಡಿದ್ರ ಹಸಿವು ಹೋಗತೈತಿ" ಅಂದಳು ಅಕ್ಕ. ಅವರಿಗೆ ಮಕ್ಕಳಾಗಲಿಲ್ಲ. ಆದರೂ ಆ ಮನೆಯಲ್ಲಿ ನಗುವಿಗೆ ಕೊರತೆ ಇರಲಿಲ್ಲ. ಸಂಜೆ ಆಟೋ ಅಂಗಳಕ್ಕೆ ಬಂತೆಂದರೆ ಅಕ್ಕ ಆ ದಿನದ ಜಾಹೀರಾತು ಹೇಳಿಸಿಕೊಳ್ಳುತ್ತಲೇ ರೊಟ್ಟಿ ಬಡಿಯುತ್ತಿದ್ದಳು. ಊರೆಲ್ಲ ಚಪ್ಪಾಳೆ ತಟ್ಟಿದರೂ ಅವಳು "ಚಂದ ಐತಿ" ಅಂದ ಮೇಲೆಯೇ ದಾಜಿಗೆ ಸಮಾಧಾನ.

ಮುಲಾಮಿನ ಸತ್ಯಪ್ಪ ಗಂಟುಬಿದ್ದದ್ದು ಆಮೇಲೆ. ಹೆಸರು ಸತ್ಯಪ್ಪ, ನಗಬೇಡಿ. ಕಾಗವಾಡದ ರಸ್ತೆಯಲ್ಲಿ ತಗಡಿನ ಶೆಡ್ಡು ಹಾಕಿಕೊಂಡು, ಸಕ್ಕರೆ ಕಾಯಿಲೆಯವರ ಕಾಲಿನ ಗಾಯಕ್ಕೆ ಒಂದು ಹಸಿರು ಮುಲಾಮು ಹಚ್ಚುತ್ತಿದ್ದ. ಬರುವವರು ಅಷ್ಟಕ್ಕಷ್ಟೇ. "ನಂದೂ ಒಂದ ಹೇಳ್ರಿ ಮಲಕಾರಿ ಅಣ್ಣಾ" ಅಂತ ದಾಜಿಯನ್ನು ಹಿಡಿದ. ದಸರೆಯ ರಜೆಗೆ ನಾನು ಐಗಳಿಗೆ ಹೋದಾಗ ದಾಜಿ ಕಟ್ಟೆಯ ಮೇಲೆ ಕುಳಿತು ಅದನ್ನೇ ಬರೆಯುತ್ತಿದ್ದರು. ಅಕ್ಕ ಹೊಲಕ್ಕೆ ಹೋಗಿದ್ದಳು. ಬರೆದು ಮುಗಿಸಿ, ಗಂಟಲು ಸರಿಮಾಡಿಕೊಂಡು ನನಗೆ ಓದಿದರು:

"ತಾಯಂದಿರೇ, ಅಕ್ಕಂದಿರೇ! ಕಾಲಿನ ಗಾಯಕ್ಕ ಕೊಯ್ಯೂದಿಲ್ಲ, ಚುಚ್ಚೂದಿಲ್ಲ, ಕಟ್ಟಿ ಮಲಗಸೂದಿಲ್ಲ! ಡಾಕ್ಟರು ಹೆದರಸ್ತಾರ, ಮನಿ ಮಂದಿ ಬ್ಯಾಡಂತಾರ. ಆದ್ರ ಕಾಲು ಯಾರ್ದು? ನಿಮ್ದು! ಸುಳ್ಳಂತೀರಿ? ನಾನೂ ಸುಳ್ಳಂದಿದ್ದೆ. ರಾಯಬಾಗ ಕಡೆಯ ಶೇವಂತಾಬಾಯಿನ್ನ ಕೇಳ್ರಿ. ಹಾಸಗಿ ಹಿಡದಾಕಿ ಇವತ್ತ ಬುತ್ತಿ ಹೊತಗೊಂಡ ಹೊಲಕ್ಕ ಹೊಂಟಾಳ!"

ಕೇಳಿ ನನಗೂ ಮೈ ಜುಮ್ಮೆಂದಿತು. "ಯಾರ್ರೀ ದಾಜಿ ಈ ಶೇವಂತಾಬಾಯಿ?" ಅಂತ ಕೇಳಿದೆ.

"ಯಾರೂ ಅಲ್ಲ."

"ಯಾರೂ ಅಲ್ಲ ಅಂದ್ರ?"

"ಒಂದ ಹೆಸರ ಬೇಕಲ್ಲ ಬಾಯಾರ. 'ಭಾಳ ಮಂದಿಗೆ ಗುಣ ಆಗೇತಿ' ಅಂದ್ರ ಕಿವಿ ಮ್ಯಾಲಿಂದ ಹೋಗತೈತಿ. ಶೇವಂತಾಬಾಯಿ ಅಂದ್ರ ಕಣ್ಣ ಮುಂದ ಒಬ್ಬಾಕಿ ಹೆಣಮಗಳ ಬರ್ತಾಳ, ತಲಿ ಮ್ಯಾಲ ಬುತ್ತಿ ಇಟಗೊಂಡ."

"ಹೋಗ್ಲಿ, ರಾಯಬಾಗ ಯಾಕ?"

"ಐಗಳಿ ಅಂದ್ರ ಹೋಗಿ ನೋಡ್ತಾರ. ಬೆಂಗಳೂರ ಅಂದ್ರ ನಂಬೂದಿಲ್ಲ. ರಾಯಬಾಗ ಹತ್ತರಾನೂ ಐತಿ, ಯಾರೂ ಹೋಗಿ ನೋಡೂದೂ ಇಲ್ಲ."

ಡಾಕ್ಟರನ್ನೂ ಮನೆಯವರನ್ನೂ ನಡುವೆ ಯಾಕೆ ತಂದಿರಿ ಅಂದರೆ, ಅದಕ್ಕೂ ಉತ್ತರ ಸಿದ್ಧವಿತ್ತು. "ನಾಳೆ ಅವರು ಬ್ಯಾಡ ಅನ್ನೂದು ಖರೇನ ಐತಿ. ಅವರಕಿಂತ ಮೊದಲ ನಾವ ಅಂದಬಿಡಬೇಕು. ಆಮ್ಯಾಗ ಅವರ ಮಾತು ಹಳಸಿ ಹೋಗತೈತಿ."

ನಾನು ಜಗಳ ತೆಗೆದೆ. ಮಂದಿಯ ಕಾಲಿನ ಜೊತೆ ಆಟ ಆಡಬೇಡಿ ಅಂದೆ. ದಾಜಿ ಎರಡೂ ಕೈ ಮುಗಿದು, "ಈ ಹಿಂಡಿ ಹಾಕಿದ್ರ ಹಾಲು ಹೊಳಿ ಆಗಿ ಹರಿತೈತಿ ಅಂತನೂ ನಾನ ಹೇಳೀನಿ. ಯಾರರ ಆ ಹೊಳಿಗೆ ಬಿಂದಗಿ ತಗೊಂಡ ಬಂದಾರೇನು? ಮಂದಿಗೆ ತಿಳಿತೈತಿ ಬಿಡ್ರಿ" ಅಂದರು. ಅಲ್ಲಿಗೆ ಆ ಮಾತು ಮುಗಿಯಿತು.

ಮಂದಿಗೆ ಏನು ತಿಳಿಯಿತೋ ದೇವರೇ ಬಲ್ಲ. ದಾಜಿಯ ಧ್ವನಿ ಪೆನ್‌ಡ್ರೈವಿಗೆ ಹೋಯಿತು, ಪೆನ್‌ಡ್ರೈವು ಬೇರೆ ಬೇರೆ ಆಟೋಗಳಿಗೆ ಹೋಯಿತು. ಶೇಡಬಾಳದಲ್ಲಿ ಕನ್ನಡದಲ್ಲಿ ಕೂಗಿತು, ನಿಪ್ಪಾಣಿಯ ಕಡೆ ಮರಾಠಿಯಲ್ಲಿ ಕೂಗಿತು. ತಗಡಿನ ಶೆಡ್ಡಿನ ಮುಂದೆ ಪಾಳಿ ಹಚ್ಚಿ ನಿಲ್ಲುವಷ್ಟು ಜನ ಬರತೊಡಗಿದರು. ಇನ್ನೂ ಒಂದು ಸೋಜಿಗ ನಡೆಯಿತು. ಶೇವಂತಾಬಾಯಿಯನ್ನು ಕಂಡವರು ಹುಟ್ಟಿಕೊಂಡರು! ಅಕ್ಕನ ಬಾಜೂ ಮನೆಯ ಜಿನಮತಿ ಕಾಕು ಒಂದು ದಿನ ಕಟ್ಟೆಗೆ ಬಂದು, "ಆ ಶೇವಂತಾಬಾಯಿ ನನ್ನ ತಂಗಿ ಊರಾಕಿನ ಅಂತ. ಎಷ್ಟ ಲಗು ಲಗು ನಡಿತಾಳಂತಿ!" ಅಂದಳು. ದಾಜಿ ಹೊಟ್ಟೆ ಹಿಡಿದುಕೊಂಡು ನಕ್ಕರಂತೆ. ಕಾಕು ಹೋದ ಮೇಲೆ ಯಾಕೆ ನಕ್ಕಿರಿ ಅಂತ ಅಕ್ಕ ಕೇಳಿದ್ದಾಳೆ. ಕಸುಬಿನ ಗುಟ್ಟು ಯಾಕೆ ಬಿಡಬೇಕು ಅಂತಲೋ ಏನೋ, ದಾಜಿ ಹೇಳಿರಲಿಲ್ಲ.

ಮುಂದಿನ ಬೇಸಿಗೆಯಲ್ಲಿ ಕಬ್ಬಿನ ಕೂಳೆ ಅಕ್ಕನ ಎಡಗಾಲಿನ ಕಿರುಬೆರಳಿಗೆ ಚುಚ್ಚಿತು. ಅವಳಿಗೂ ಸಕ್ಕರೆ ಕಾಯಿಲೆ ಇತ್ತು, ಗುಳಿಗೆಯನ್ನು ನೆನಪಾದಾಗ ನುಂಗುವವಳು. ನೋವೇ ಇಲ್ಲ ಅಂತ ಅರಿಷಿಣ ಮೆತ್ತಿಕೊಂಡು ಓಡಾಡಿದಳು. ಬೆರಳು ಕಪ್ಪಿಟ್ಟು ವಾಸನೆ ಬರಲು ಶುರುವಾದಾಗ ದಾಜಿ ನನಗೆ ಫೋನ್ ಮಾಡಿದರು. ನಾವಿಬ್ಬರೂ ಸೇರಿ ಮಿರಜದ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಡಾಕ್ಟರಬಾಯಿ ಗಾಯ ನೋಡಿ ಅಕ್ಕನ ಭುಜದ ಮೇಲೆ ಕೈಯಿಟ್ಟು, "ಮಾವಶಿ, ಬೋಟ ಕಾಢ್ಲ ತರ ಪಾಯ ವಾಚೇಲ" ಅಂದಳು. ಒಂದು ಬೆರಳು ತೆಗೆದರೆ ಇಡೀ ಕಾಲು ಉಳಿಯುತ್ತದೆ ಅಂತ. ತಡ ಮಾಡಿದರೆ ಜೀವಕ್ಕೇ ಕಷ್ಟ ಅಂತ ನಮ್ಮಿಬ್ಬರನ್ನು ಹೊರಗೆ ಕರೆದು ಹೇಳಿದಳು.

ಅಕ್ಕ ಮನೆಗೆ ಬಂದು ಗೋಡೆಗೆ ಒರಗಿ ಕುಳಿತವಳು, "ನಾ ಕೊಯ್ಸಿಕೊಳ್ಳೂದಿಲ್ಲ" ಅಂದಳು. ನಮ್ಮವ್ವನಿಗೂ ಇದೇ ಕಾಯಿಲೆ ಇತ್ತು. ಅವ್ವನ ಕಾಲನ್ನೂ ಮಿರಜದಲ್ಲೇ ಕೊಯ್ದಿದ್ದರು, ಅವ್ವ ತಿರುಗಿ ಮನೆಗೆ ಬರಲಿಲ್ಲ. ಅಕ್ಕನ ತಲೆಯಲ್ಲಿ ಕೊಯ್ಯುವುದು ಅಂದರೆ ಸಾಯುವುದು ಅಂತಲೇ ಕುಳಿತುಬಿಟ್ಟಿತ್ತು.

"ಶೇವಂತಾಬಾಯಿಗೆ ಆದಂಗ ನನಗೂ ಆಗತೈತಿ. ಸತ್ಯಪ್ಪನ ಕಡೆ ಕರಕೊಂಡ ನಡೀರಿ" ಅಂದಳು ದಾಜಿಗೆ.

ದಾಜಿ ಅವಳ ಕೈ ಹಿಡಿದುಕೊಂಡರು. "ಏ ಹುಚ್ಚಿ, ಅದನ್ನ ನಾನ ಬರದೇನಿ. ಶೇವಂತಾಬಾಯಿ ಅನ್ನಾಕಿ ಇಲ್ಲ. ನಾನ ಹುಟ್ಟಿಸಿದ ಹೆಸರದು."

"ಜಿನಮತಿ ಕಾಕೂನ ತಂಗಿ ಆಕಿನ್ನ ನೋಡ್ಯಾಳ."

"ಆಕಿ ಬಾಯಿಗೆ ಮಣ್ಣ ಹಾಕ! ನೋಡಿಲ್ಲ, ಏನಿಲ್ಲ."

"ಅಕ್ಕಾ, ನನ್ನ ಮುಂದ ಬರದಾರ. ನಾ ಕೇಳೀನಿ" ಅಂದೆ ನಾನು.

ಅಕ್ಕ ನನ್ನನ್ನು ನೋಡಿದ ನೋಟ ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ನಾವಿಬ್ಬರೂ ಸೇರಿ ಅವಳನ್ನು ಕಟುಕರಿಗೆ ಒಪ್ಪಿಸಲು ಬಂದವರಂತೆ ನೋಡಿದಳು. ಅಷ್ಟರಲ್ಲಿ ಹೊರಗೆ ರಸ್ತೆಯಲ್ಲಿ ಸತ್ಯಪ್ಪನ ಆಟೋ ಬಂತು. ಹಾರ್ನಿನಲ್ಲಿ ದಾಜಿಯದೇ ಧ್ವನಿ, ಎಷ್ಟು ಅಕ್ಕರೆಯಿಂದ, ಎಷ್ಟು ಧೈರ್ಯದಿಂದ ಹೇಳುತ್ತಿತ್ತು! "ಡಾಕ್ಟರು ಹೆದರಸ್ತಾರ, ಮನಿ ಮಂದಿ ಬ್ಯಾಡಂತಾರ. ಆದ್ರ ಕಾಲು ಯಾರ್ದು?"

"ಕೇಳಿದ್ರಿ?" ಅಂದಳು ಅಕ್ಕ. "ಡಾಕ್ಟರು ಹೆದರಸಿದ್ರು. ನೀವು ಬ್ಯಾಡ ಅನ್ನಾಕತ್ತೀರಿ. ಎಲ್ಲಾ ಹೇಳಿದಂಗ ಆಗಾಕತ್ತೈತಿ."

ದಾಜಿ ಹೊರಗೆ ಓಡಿದರು. ಆಟೋದ ಮುಂದೆ ಅಡ್ಡ ನಿಂತು ಹಾರ್ನಿನ ವೈರು ಕಿತ್ತು ಹಾಕಿದರು. ತಿರುಗಿ ಒಳಗೆ ಬಂದು ಅಕ್ಕನ ಮುಂದೆ ಕುಕ್ಕರಗಾಲಿನಲ್ಲಿ ಕುಳಿತು, ಸುಳ್ಳು ಸುಳ್ಳು ಸುಳ್ಳು ಅಂದರು. ಹಾರ್ನಿನಲ್ಲಿ ಜೇನಿನಂತೆ ಸುರಿಯುತ್ತಿದ್ದ ಬಾಯಿ ಈಗ ತೊದಲುತ್ತಿತ್ತು. ಅಕ್ಕ ಅವರ ತಲೆ ಸವರಿ, "ಸುಳ್ಳಾಗಿದ್ರ ನಿಮಗ ಅಷ್ಟ ಚಂದ ಬರಿಯಾಕ ಬರತಿತ್ತೇನ್ರಿ?" ಅಂದಳು. ಅತಿಶಯೋಕ್ತಿಯ ಲಕ್ಷಣ ನನ್ನ ವಿದ್ಯಾರ್ಥಿಗಳು ಕಣ್ಣು ಮುಚ್ಚಿ ಬರೆಯುತ್ತಾರೆ. ಅದು ಮನೆಯೊಳಗೆ ಬಂದು ಕುಳಿತರೆ ಎಬ್ಬಿಸಿ ಹೊರಗೆ ಹಾಕುವುದು ಹೇಗೆ ಅಂತ ಅವರ ಬಾಯಾರಿಗೇ ಗೊತ್ತಿರಲಿಲ್ಲ.

ದಾಜಿ ಸತ್ಯಪ್ಪನ ಶೆಡ್ಡಿಗೆ ಹೋಗಿ ಜಾಹೀರಾತು ನಿಲ್ಲಿಸು ಅಂತ ಕಾಲು ಹಿಡಿದು ಬೇಡಿದರು. ಆ ಹಾಳಾದವನು ಏನಂದ ಗೊತ್ತೇ? "ಮುಲಾಮಿನಕಿಂತ ನಿಮ್ಮ ಮಾತಿಗೇ ಗುಣ ಜಾಸ್ತಿ ಐತಿ ಅಣ್ಣಾ, ನಿಲ್ಲಸು ಅಂದ್ರ ಹೆಂಗ? ವೈನಿಗೆ ಪುಕಟ ಕೊಡ್ತೀನಿ ತಗೋರಿ" ಅಂತ ಅಕ್ಕನಿಗೆಂದು ಒಂದು ಡಬ್ಬಿ ಮುಂದೆ ಹಿಡಿದ. ದಾಜಿ ಅದನ್ನು ಗಟಾರಕ್ಕೆ ಎಸೆದು ಬಂದರು. ಬಂದು ನೋಡಿದರೆ ಅಕ್ಕ ಜಿನಮತಿ ಕಾಕುವಿನ ಕೈಯಲ್ಲಿ ಇನ್ನೊಂದು ಡಬ್ಬಿ ತರಿಸಿ ಹಚ್ಚಿಕೊಂಡು ಕುಳಿತಿದ್ದಳು.

ಕಾಲು ಬಾತುಕೊಳ್ಳತೊಡಗಿತು. ದಿನಾ ಅತ್ತು ಕರೆದು ಹೇಳಿದ್ದಕ್ಕೆ ಅಕ್ಕ ಕೊನೆಗೆ ಒಂದು ಮಾತಿಗೆ ಬಂದಳು. "ಶೇವಂತಾಬಾಯಿನ್ನ ತಂದ ನನ್ನ ಮುಂದ ನಿಂದರಸ್ರಿ. ಆಕಿ ತನ್ನ ಬಾಯಲೇ ಸುಳ್ಳ ಅಂದ್ರ ಬೆರಳ ಕೊಯ್ಸಿಕೋತೀನಿ. ಇಲ್ಲಂದ್ರ ಮಿರಜದ ಮಾತ ಎತ್ತಬ್ಯಾಡ್ರಿ."

ಇಲ್ಲದವಳನ್ನು ಎಲ್ಲಿಂದ ತರುವುದು? ನಾನು ತಲೆಯ ಮೇಲೆ ಕೈಹೊತ್ತು ಕುಳಿತೆ. ದಾಜಿ ಮಾತ್ರ ಎದ್ದು ನಿಂತರು. ಸದಲಗಾದ ಸುಂದ್ರವ್ವನ ನೆನಪಾಗಿತ್ತು ಅವರಿಗೆ. ಎಮ್ಮೆ ಕಟ್ಟಿ ಹಾಲು ಮಾರುವ ಹೆಂಗಸು. ಒಮ್ಮೆ ಚಿಕ್ಕೋಡಿ ಸಂತೆಯಲ್ಲಿ ಮುಲಾಮಿನ ಜಾಹೀರಾತು ಕೇಳಿ ದಾಜಿಯ ಆಟೋದ ಮುಂದೆ ಬಂದು, ಸೀರೆ ಎತ್ತಿ ತನ್ನ ಪಾದ ತೋರಿಸಿ, "ಇದನ್ನೂ ಹೇಳಲೇ ಭಾಡ್ಯಾ! ಬೆರಳ ತಗಸೀನಿ, ನಿನಕಿಂತ ಜೋರ ನಡಿತೀನಿ" ಅಂತ ಬೈದು ಹೋಗಿದ್ದಳು. ಈಗ ದಾಜಿ ಹುಡುಕಿಕೊಂಡು ಹೋಗಿ ಅವಳ ಮುಂದೆ ಕೈಮುಗಿದು ನಿಂತರು. ಕತೆ ಕೇಳಿ ಅವಳ ಕಣ್ಣಲ್ಲೂ ನೀರು ಬಂತಂತೆ. "ನಡಿಯಪ್ಪಾ, ನಾನ ನಿನ್ನ ಶೇವಂತಾಬಾಯಿ" ಅಂತ ಆಟೋ ಹತ್ತಿದಳು.

ದಾರಿಯುದ್ದಕ್ಕೂ ದಾಜಿ ಅವಳಿಗೆ ಮಾತು ಕಲಿಸಿಕೊಂಡು ಬಂದಿದ್ದರು. "ಮುಲಾಮ ಹಚ್ಚಿದೆ, ಕಪ್ಪಾತು. ಮಿರಜಕ್ಕ ಹೋದೆ, ಬೆರಳ ಕೊಟ್ಟೆ. ಕಾಲ ಉಳೀತು, ಹೊಲಕ್ಕ ಹೊಂಟೀನಿ." ಆಟೋ ಇಳಿಯುವಾಗಲೂ ಅವಳ ಬಾಯಲ್ಲಿ ಅದೇ ನಡೆದಿತ್ತು. ಆ ಸಂಕಟದಲ್ಲೂ ಮಾತನ್ನು ಹೇಗೆ ಹೊಂದಿಸಿದ್ದಾರೆ ನೋಡು ಅಂತ ನನಗೆ ಸಿಟ್ಟೂ ಬಂತು, ಆಸೆಯೂ ಹುಟ್ಟಿತು. ಈ ಮಾತನ್ನಾದರೂ ಅಕ್ಕ ನಂಬಲಿ ಅಂತ ನಾನು ಕಂಡ ಕಂಡ ದೇವರಿಗೆಲ್ಲ ಹರಕೆ ಹೊತ್ತೆ.

ಸುಂದ್ರವ್ವ ಹೊಸ್ತಿಲು ದಾಟಿ ಬಂದಳು. ದುಂಡಗಿನ ಮುಖ, ಹಣೆತುಂಬ ಕುಂಕುಮ, ಕೈತುಂಬ ಹಸಿರು ಬಳೆ. ಅಕ್ಕ ಅವಳನ್ನು ನೋಡಿದ್ದೇ ತಡ, ಗೋಡೆ ಹಿಡಿದು ಎದ್ದು ನಿಂತಳು. ಎಷ್ಟೋ ದಿನದಿಂದ ಎದ್ದವಳಲ್ಲ. "ಬಂದಿ ಏನವ್ವ ಶೇವಂತಾ!" ಅಂತ ಅವಳ ಎರಡೂ ಕೈ ಹಿಡಿದುಕೊಂಡಳು. "ಕುಂದರವ್ವ, ಏನೂ ಮಾತಾಡಬ್ಯಾಡ. ಮುತ್ತೈದಿ ಬಂದೀದಿ, ಮೊದಲ ಉಡಿ ತುಂಬತೀನಿ. ಸುಜಾತಾ, ಅಕ್ಕಿ ತಾರಬೇ."

ಬೇಡ ಅಕ್ಕಾ, ಆಮೇಲೆ ತುಂಬುವೆಯಂತೆ ಅಂದೆ. ಕಿವಿಗೆ ಹಾಕಿಕೊಳ್ಳಲಿಲ್ಲ. ತಾನೇ ಕುಂಟುತ್ತ ಹೋಗಿ ಟ್ರಂಕಿನಿಂದ ಹೊಸ ಕುಬಸದ ಖಣ ತೆಗೆದಳು. ಆ ಖಣವನ್ನು ಅವಳು ತನಗಂತ ಇಟ್ಟುಕೊಂಡಿದ್ದಳು. ಸುಂದ್ರವ್ವ ಸೆರಗೊಡ್ಡಿದಳು. ಅಕ್ಕ ಅಕ್ಕಿ, ಕೊಬ್ಬರಿ ಬಟ್ಟಲು, ಅರಿಷಿಣದ ಬೇರು, ಉತ್ತತ್ತಿ, ಖಣ, ಎಲ್ಲವನ್ನೂ ಅವಳ ಉಡಿಗೆ ಹಾಕಿ, ಕುಂಕುಮ ಹಚ್ಚಿ, ಬಗ್ಗಲಾರದೆ ಬಗ್ಗಿ ಅವಳ ಪಾದ ಮುಟ್ಟಲು ಹೋದಳು. ಸುಂದ್ರವ್ವ ಗಾಬರಿಯಾಗಿ ಪಾದವನ್ನು ಹಿಂದಕ್ಕೆ ಎಳೆದುಕೊಂಡು ಸೀರೆಯೊಳಗೆ ಮುಚ್ಚಿದಳು.

"ಈಗ ಹೇಳವ್ವ" ಅಂದಳು ಅಕ್ಕ. "ಆ ಮುಲಾಮಿನಿಂದ ನಿನಗ ಗುಣ ಆತಿಲ್ಲೋ?"

ದಾಜಿ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದರು. ಅವರ ತುಟಿಗಳು ತಮಗೆ ಗೊತ್ತಿಲ್ಲದೆಯೇ ಅಲುಗುತ್ತಿದ್ದವು, ಮುಲಾಮ ಹಚ್ಚಿದೆ, ಕಪ್ಪಾತು. ಸುಂದ್ರವ್ವ ಅವರನ್ನು ನೋಡಿದಳು, ನನ್ನನ್ನು ನೋಡಿದಳು, ತುಂಬಿದ ಉಡಿಯನ್ನು ನೋಡಿಕೊಂಡಳು.

"ಆತವ್ವ" ಅಂದಳು. "ಗುಣ ಆತು."

"ಬೆರಳ ಕೊಯ್ಲಿಲ್ಲಲ್ಲ?"

"ಇಲ್ಲವ್ವ. ನಿನಗೂ ಗುಣ ಆಗತೈತಿ. ಏನೂ ಆಗೂದಿಲ್ಲ."

ನಾನು "ಸುಳ್ಳು! ಪಾದ ತೋರಸು! ಪಾದ ತೋರಸು!" ಅಂತ ಕೂಗಿದೆ. ಸುಂದ್ರವ್ವ ಉಡಿಯನ್ನು ಎರಡೂ ಕೈಯಲ್ಲಿ ಅವುಚಿಕೊಂಡು ಹೊರಗೆ ಓಡಿದಳು. ಅಂಗಳದಲ್ಲಿ ಹಿಡಿದು ನಿಲ್ಲಿಸಿ ಅವಳ ರಟ್ಟೆ ಅಲ್ಲಾಡಿಸಿದೆ. ಅವಳು ಗೊಳೋ ಅಂತ ಅತ್ತಳು. "ಉಡಿ ತುಂಬಿದಾಕಿಗೆ ಕೆಟ್ಟ ಮಾತ ಹೆಂಗ ಆಡ್ಲೆವ್ವ? ಉಡ್ಯಾಗ ಆಕಿ ಅಕ್ಕಿ ಇಟಗೊಂಡ, ನಿನ್ನ ಕಾಲ ಕೊಯ್ತಾರ ಅಂತ ಹೆಂಗ ಅನ್ಲಿ? ನನ್ನ ನಾಲಗಿ ಹೊಳ್ಳಲಿಲ್ಲ." ಅವಳ ಕೆನ್ನೆಗೆ ಬಾರಿಸಬೇಕು ಅನ್ನುವಷ್ಟು ಹೊಟ್ಟೆ ಉರಿಯಿತು. ಆದರೆ ನಮ್ಮ ಕಡೆಯ ಯಾವ ಹೆಣ್ಣುಮಗಳು ಉಡಿಯಲ್ಲಿ ಅಕ್ಕಿ ಇಟ್ಟುಕೊಂಡು ಅಂಥ ಮಾತು ಆಡಿಯಾಳು? ಆ ಹೊತ್ತಿನಲ್ಲಿ ಅವಳ ಜಾಗದಲ್ಲಿ ಯಾರಿದ್ದರೂ ಅದನ್ನೇ ಅನ್ನುತ್ತಿದ್ದರು.

ಒಳಗೆ ದಾಜಿ ಎಲ್ಲವನ್ನೂ ಬಿಚ್ಚಿ ಹೇಳಿದರು. ಅವಳು ಶೇವಂತಾ ಅಲ್ಲ, ಸದಲಗಾದ ಸುಂದ್ರವ್ವ, ಹೀಗೆ ಹೀಗೆ ಹೇಳು ಅಂತ ನಾನೇ ಕಲಿಸಿಕೊಟ್ಟು ಕರೆತಂದೆ ಅಂದರು. ಅಕ್ಕ ಶಾಂತವಾಗಿ ಕೇಳಿದಳು. ಅವಳ ಮುಖದ ಮೇಲೆ ಅಂಥ ನೆಮ್ಮದಿಯನ್ನು ನಾನು ಎಷ್ಟೋ ದಿನದಿಂದ ಕಂಡಿರಲಿಲ್ಲ. "ನೋಡ್ರಿ ಮತ್ತ" ಅಂದಳು. "ನೀವು ಸುಳ್ಳ ಕಲಿಸಿ ಕರಕೊಂಡ ಬಂದ್ರಿ. ಆದ್ರೂ ಆಕಿ ಬಾಯಾಗ ಖರೇನ ಬಂತು."

ಆ ಮೇಲೆ ಅಕ್ಕ ನಮ್ಮಿಬ್ಬರ ಜೊತೆ ಮಿರಜದ ಮಾತು ಆಡಲೇ ಇಲ್ಲ. ಮುಲಾಮು ಹಚ್ಚಿಕೊಂಡು, ಹಸಿರು ಬಣ್ಣದ ಬಟ್ಟೆ ಸುತ್ತಿಕೊಂಡು, ಗುಣ ಆಗುವುದನ್ನು ಕಾಯುತ್ತ ಮಲಗಿದಳು. ಕಪ್ಪು ಬೆರಳಿನಿಂದ ಪಾದಕ್ಕೆ, ಪಾದದಿಂದ ಮೇಲಕ್ಕೆ ಏರಿತು.

ಮೈ ಸುಡುವ ಜ್ವರ ಬಂದು ಅವಳಿಗೆ ಎಚ್ಚರ ತಪ್ಪಿದ ದಿನ ನಾವು ಯಾರನ್ನೂ ಕೇಳದೆ ಎತ್ತಿಕೊಂಡು ಮಿರಜಕ್ಕೆ ಓಡಿದೆವು. ಸಲಾಯನ್ ಏರಿಸಿದ ಮೇಲೆ ಮಧ್ಯಾಹ್ನದ ಹೊತ್ತಿಗೆ ಕಣ್ಣು ತೆರೆದಳು. ದಾಜಿ ಮಂಚದ ಪಕ್ಕ ಸ್ಟೂಲಿನ ಮೇಲೆ ಕುಳಿತಿದ್ದರು. ಅಕ್ಕನ ಅಂಗೈಯನ್ನು ತಮ್ಮ ಹಣೆಗೆ ಒತ್ತಿಕೊಂಡು ಸುಮ್ಮನೆ ಅಳುತ್ತಿದ್ದರು. ಅಷ್ಟು ವರ್ಷದ ಸಂಸಾರದಲ್ಲಿ ಅವರು ಮಾತಿಲ್ಲದೆ ಕುಳಿತದ್ದನ್ನು ಅಕ್ಕ ನೋಡಿರಲಿಲ್ಲ.

"ಖರೇನ ಗುಣ ಆಗೂದಿಲ್ಲೇನ್ರಿ?" ಅಂತ ಮೆಲ್ಲಗೆ ಕೇಳಿದಳು.

ದಾಜಿ ತಲೆ ಎತ್ತಲಿಲ್ಲ.

"ಹಂಗಾರ ಕೊಯ್ಯಲಿ ಬಿಡ್ರಿ. ಸುಜಾತಾ, ಡಾಕ್ಟರಿಗೆ ಹೇಳು ಹೋಗಬೇ, ಬೆರಳ ಕೊಯ್ರಿ ಅಂತ."

ನಾನು ಓಡಿದೆ. ಡಾಕ್ಟರಬಾಯಿ ವರಾಂಡದಲ್ಲೇ ಸಿಕ್ಕಳು. ಅಕ್ಕ ಒಪ್ಪಿದಳು, ಅಕ್ಕ ಒಪ್ಪಿದಳು ಅಂತ ಅವಳ ಕೈ ಹಿಡಿದುಕೊಂಡೆ. ಅವಳು ನನ್ನ ಕೈ ಬಿಡಿಸಿಕೊಳ್ಳಲಿಲ್ಲ. ನಂಜು ರಕ್ತಕ್ಕೆ ಸೇರಿ ಮೈಯೆಲ್ಲ ಹಬ್ಬಿದೆ, ಈಗ ಬೆರಳಲ್ಲ, ಇಡೀ ಕಾಲು ತೆಗೆದರೂ ಉಪಯೋಗವಿಲ್ಲ ಅಂದಳು. ನನ್ನ ಹಿಂದೆಯೇ ಬಂದಿದ್ದ ದಾಜಿ ಅದನ್ನು ಕೇಳಿಸಿಕೊಂಡರು. ದಾಜಿ ಮುಖ ಒರೆಸಿಕೊಂಡು ಅಕ್ಕನ ಹತ್ತಿರ ತಿರುಗಿ ಹೋದರು, ನಾನು ಬಾಗಿಲಲ್ಲೇ ನಿಂತೆ.

"ಏನಂದ್ರು?" ಅಂದಳು ಅಕ್ಕ.

"ನಾಳೆ ಮುಂಜಾನೆ ಕೊಯ್ತಾರಂತ" ಅಂದರು ದಾಜಿ. "ಒಂದ ಬೆರಳು, ಅಷ್ಟ."

"ನಡಿಯಾಕ ಬರತೈತಲ್ಲ?"

"ಬರತೈತಿ."

ಅಕ್ಕ ಆ ಮಾತನ್ನು ನಂಬಿದಳು. ಸಂಜೆಯೊಳಗೆ ತೀರಿಕೊಂಡಳು.